ಮೊದಲ ತುತ್ತು

“ಮೊದಲ ನೀ ತಿಂದು ತೋರ್ಸು, ತಂಗಿ.”

ಮುಂಬಯಿಯ ಒಂದು ಕೋರ್ಟಿನ ಎರಡನೇ ಮಹಡಿಯ ಕಾರಿಡಾರಿನಲ್ಲಿ ಈ ಮಾತು ಕೇಳಿ ಎರಡು ವರ್ಷ ಆಗುತ್ತಾ ಬಂತು. ಇನ್ನೂ ಕಿವಿಯಿಂದ ಹೋಗಿಲ್ಲ. ಹೇಳಿದವರು ಕೈದಿ ಪಾರ್ಟಿಯ, ಅಂದರೆ ಕೈದಿಗಳನ್ನು ಜೈಲಿನಿಂದ ಕೋರ್ಟಿಗೆ ಕರೆತರುವ ಪೊಲೀಸ್ ತಂಡದ, ಹವಾಲ್ದಾರರು. ಹೇಳಿಸಿಕೊಂಡವಳು ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು. ಅವಳ ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಜೋಳದ ರೊಟ್ಟಿ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಶೇಂಗಾ ಹಿಂಡಿ. ಗೋಡೆ ಪಕ್ಕದ ಬೆಂಚಿನ ಮೇಲೆ ಅವಳ ಗಂಡ ಕೂತಿದ್ದ. ಐದು ವರ್ಷದ ಮಗ ಅಪ್ಪನ ಮೊಣಕಾಲು ಹಿಡಿದು ನಿಂತಿದ್ದ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು, ಎರಡು ಲೋಕಲ್ ಬದಲಿಸಿ ಬಂದಿದ್ದಳು ಅವಳು. ವಕೀಲರು ನ್ಯಾಯಾಧೀಶರನ್ನು ಕೇಳಿ ಊಟ ಕೊಡಲು ಒಪ್ಪಿಗೆ ಪಡೆದಿದ್ದರು. ಇನ್ನೇನು ಗಂಡನ ಕೈಗೆ ಕೊಡಬೇಕು ಅನ್ನುವಾಗ ಹವಾಲ್ದಾರರು ಕೈ ಅಡ್ಡ ಹಿಡಿದರು.

ನಾನು ಅಲ್ಲಿದ್ದದ್ದು ದುಭಾಷಿಯಾಗಿ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಪರಿಚಯದ ವಕೀಲರು ಕರೆದಾಗ ಹೋಗುತ್ತೇನೆ. ಕಟ್ಟಡದ ಕೆಲಸಕ್ಕೆ ಈ ಊರಿಗೆ ಯಾದಗಿರಿ, ಕಲಬುರಗಿ, ವಿಜಯಪುರದಿಂದ ಎಷ್ಟು ಜನ ಬರುತ್ತಾರೆ ಅಂತ ನಮಗೆಲ್ಲ ಗೊತ್ತೇ ಇದೆ. ಅವರಲ್ಲಿ ಯಾರಾದರೂ ಕೇಸಿನಲ್ಲಿ ಸಿಕ್ಕಿಕೊಂಡರೆ ಕೋರ್ಟಿನ ಮರಾಠಿ, ಇಂಗ್ಲಿಷ್ ಎರಡೂ ತಲೆಯ ಮೇಲಿಂದ ಹಾದುಹೋಗುತ್ತವೆ. ಸಾಕ್ಷಿ ಹೇಳಿದ್ದನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಅಂತ ಕಾನೂನಿದೆ. ಹಾಗಾಗಿ ನಾನು ಅವನ ಪಕ್ಕ ನಿಂತು, ಕಿವಿಯ ಹತ್ತಿರ, ಮೆಲ್ಲಗೆ ಹೇಳಬೇಕು. ಈ ಮನುಷ್ಯನ ಮೇಲಿದ್ದದ್ದು ದರೋಡೆ ಕೇಸು. ಒಂದು ಕಟ್ಟಡದ ಸೈಟಿನಿಂದ ಕಬ್ಬಿಣದ ಸರಳು ಹೋಗಿತ್ತು, ಕಾವಲಿನವನಿಗೆ ಪೆಟ್ಟಾಗಿತ್ತು. ಇವನ ಜೊತೆ ಇನ್ನೂ ಮೂವರು ಆರೋಪಿಗಳು. ತಪ್ಪು ಮಾಡಿದ್ದಾನೋ ಇಲ್ಲವೋ ಅದು ಕೋರ್ಟ್ ಹೇಳಬೇಕು, ನಾನಲ್ಲ.

ಅವಳು ಮೇಲಿನ ರೊಟ್ಟಿಯ ಅಂಚು ಮುರಿದಳು. “ಅದಲ್ಲ, ಕೆಳಗಿಂದು ತಗಿ,” ಎಂದರು ಹವಾಲ್ದಾರರು. “ನಡುವ ಹರಿ.” ಅವಳು ಮೂರನೇ ರೊಟ್ಟಿ ಎಳೆದು ನಡುವೆ ಹರಿದಳು. ಬಾಯಿಗೆ ಹಾಕಿಕೊಂಡಳು. ಬೆಳಗಿನಿಂದ ಏನೂ ತಿಂದಿರಲಿಲ್ಲವೇನೋ, ಒಣ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಅಗಿಯುತ್ತಾ ನಿಂತಳು. ಗಂಡ ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಹವಾಲ್ದಾರರು ಹಿಂಡಿಯ ಚೀಲ ಬಿಚ್ಚಿ, ಒಂದು ಪೇಪರಿನ ಮೇಲೆ ಸುರಿದು, ಬೆರಳಿನಿಂದ ಹರಡಿ ನೋಡಿದರು. ಅದನ್ನೂ ಒಂದು ಚಿಟಿಕೆ ಅವಳಿಗೆ ಕೊಟ್ಟರು. ಅವಳು ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡ ಮೇಲೂ ಸ್ವಲ್ಪ ಹೊತ್ತು ಕಾದರು. ಆಮೇಲೆ “ಹಾಂ, ಕೊಡು,” ಎಂದು ಪಕ್ಕಕ್ಕೆ ಸರಿದರು.

ನನಗೆ ಮೈ ಉರಿದುಹೋಯಿತು. ಕಟ್ಟಿಕೊಂಡ ಗಂಡನಿಗೆ ಹೆಂಡತಿ ವಿಷ ಹಾಕುತ್ತಾಳಾ? ಮಗನ ಎದುರಿಗೆ ಹೀಗೆ ಮಾಡಿಸಬೇಕಾ? ಆ ಹವಾಲ್ದಾರರು ಕನ್ನಡ ಮಾತಾಡಿದ್ದು ನನಗೆ ಇನ್ನೂ ನೋವಾಯಿತು. ನಮ್ಮ ಭಾಷೆಯವರೇ ಹೀಗಾ ಅಂತ.

ಚಹಾದ ಹೊತ್ತು

ಅವರು ಅಕ್ಕಲಕೋಟೆ ಕಡೆಯವರು. ಮನೆಮಾತು ಕನ್ನಡ, ಓದಿದ್ದು ಮರಾಠಿ. ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು. ಮಧ್ಯಾಹ್ನ ಕೆಳಗೆ ಕಟಿಂಗ್ ಚಹಾ ಕುಡಿಯುವಾಗ ನಾನೇ ಕೆಣಕಿದೆ. ಅವರು ಸಿಟ್ಟಾಗಲಿಲ್ಲ. “ಸರ, ಅಕಿ ಹಾಕ್ತಾಳಂತ ನಾ ಅನ್ನಂಗಿಲ್ಲ. ಆದ್ರ ಆ ಗಂಟು ಕೆಳಗ ಗೇಟಿನಾಗ ಯಾರ ಕೈಯಾಗ ಇತ್ತು? ಅಕಿ ಹುಡುಗನ್ನ ಉಚ್ಚಿ ಮಾಡ್ಸಾಕ ಹೋದಾಗ ಯಾರು ಹಿಡಕೊಂಡಿದ್ರು? ಉಳಿದ ಮೂವರು ಆರೋಪಿಗಳ ಮಂದಿನೂ ಅಲ್ಲೇ ನಿಂತಿದ್ರು, ನೋಡಿರೇನು?”

ನಾನು ನೋಡಿರಲಿಲ್ಲ. ಅವರು ನೋಡಿದ್ದರು. ಅಷ್ಟೇ ಅಲ್ಲ, ಈ ಮನುಷ್ಯ ಉಳಿದವರ ವಿರುದ್ಧ ಬಾಯಿ ಬಿಡಬಹುದು ಅನ್ನುವ ಗುಸುಗುಸು ಜೈಲಿನಲ್ಲಿ ಹಬ್ಬಿರುವುದೂ ಅವರಿಗೆ ಗೊತ್ತಿತ್ತು. ಅದಕ್ಕೇ ಬೆಳಿಗ್ಗೆ ಗಾಡಿಯಲ್ಲಿ ಅವನನ್ನು ಮುಂದೆ, ತಮ್ಮ ಪಕ್ಕ ಕೂರಿಸಿಕೊಂಡು ಬಂದಿದ್ದರಂತೆ. ಲಾಕಪ್ಪಿನಲ್ಲೂ ಬೇರೆ ಮೂಲೆ. ಆ ತುತ್ತು ಅವಳ ಮೇಲಿನ ಅನುಮಾನಕ್ಕೆ ತಿನ್ನಿಸಿದ್ದಲ್ಲ, ಅವನ ಜೀವಕ್ಕೆ ತಿನ್ನಿಸಿದ್ದು. ಹಾಗಂತ ನನಗೆ ಆ ದೃಶ್ಯ ಸರಿ ಅನಿಸಲಿಲ್ಲ, ಇವತ್ತಿಗೂ ಅನಿಸುವುದಿಲ್ಲ. ಆದರೆ ಅವತ್ತಿನಿಂದ ನಾನು ಕೋರ್ಟಿನ ಕಾವಲನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಅಲ್ಲಿಯವರೆಗೆ ಕಾವಲು ಅಂದರೆ ಕೈದಿ ಓಡಿಹೋಗದಂತೆ ತಡೆಯುವುದು ಅಂದುಕೊಂಡಿದ್ದೆ. ಕೈದಿಯನ್ನು ಬೇರೆಯವರಿಂದ ಕಾಯುವುದೂ ಅದರಲ್ಲೇ ಇದೆ. ಕೈ ಕಟ್ಟಿಸಿಕೊಂಡವನು ತನ್ನನ್ನು ತಾನು ಕಾಪಾಡಿಕೊಳ್ಳಲಾರ, ಅಲ್ವಾ?

ಈ ಊರಿಗೆ ಇದು ಹೊಸದೂ ಅಲ್ಲ. 1983ರ ಸೆಪ್ಟೆಂಬರಿನಲ್ಲಿ ಪಠಾಣ್ ಗ್ಯಾಂಗಿನ ಅಮೀರ್‌ಜಾದಾನನ್ನು ಕೋರ್ಟ್ ಹಾಲಿನ ಒಳಗೇ ಗುಂಡಿಟ್ಟು ಕೊಂದರು. ಪೊಲೀಸರ ಕಸ್ಟಡಿಯಲ್ಲಿದ್ದವನು ಅವನು. ಅದಕ್ಕೆ ಸೇಡು ಅಂತ ಅದೇ ವರ್ಷ ಎದುರಾಳಿ ಗ್ಯಾಂಗಿನ ಬಡಾ ರಾಜನ್‌ನನ್ನೂ ಕೋರ್ಟಿಗೆ ಕರೆತಂದಾಗಲೇ ಕೊಂದರು. ಆ ಹೊತ್ತಿಗೆ ನಾನು ಫೋರ್ಟಿನ ಒಂದು ಶಾಖೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಊಟದ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. 2004ರಲ್ಲಿ ನಾಗಪುರದ ಕೋರ್ಟಿನಲ್ಲಿ ರೌಡಿ ಅಕ್ಕು ಯಾದವ್‌ನನ್ನು ಅವನಿಂದ ನೊಂದ ಬಸ್ತಿಯ ಹೆಂಗಸರೇ ಮುಗಿಸಿದರು. 2021ರ ಸೆಪ್ಟೆಂಬರ್ 24ರಂದು ದೆಹಲಿಯ ರೋಹಿಣಿ ಕೋರ್ಟಿನಲ್ಲಿ ಗ್ಯಾಂಗಿನ ನಾಯಕ ಜಿತೇಂದರ್ ಗೋಗಿಯನ್ನು ಕೊಂದವರಿಬ್ಬರು ವಕೀಲರ ಕರಿ ಕೋಟು ಹಾಕಿಕೊಂಡು ಒಳಗೆ ಬಂದಿದ್ದರು. ಈ ಸತ್ತವರ ಬಗ್ಗೆ ಯಾರಿಗೂ ಕನಿಕರ ಇರಲಿಕ್ಕಿಲ್ಲ. ಆದರೆ ತೀರ್ಪು ಬರುವ ಮೊದಲೇ, ಸರ್ಕಾರದ ಕೈಯಲ್ಲಿ ಇರುವಾಗಲೇ ಒಬ್ಬನ ಜೀವ ಹೋಯಿತು ಅಂದರೆ ಅಲ್ಲಿ ಸೋತದ್ದು ಕೋರ್ಟು.

ಹವಾಲ್ದಾರರು ಒಂದು ದಿನವನ್ನು ನನಗೆ ಬಿಡಿಸಿ ಹೇಳಿದರು. ಬೆಳಿಗ್ಗೆ ಜೈಲಿನ ಗೇಟಿನಲ್ಲಿ ಪಟ್ಟಿ ಬರುತ್ತದೆ, ಯಾರಿಗೆ ಯಾವ ಕೋರ್ಟು ಅಂತ. ಝಡ್ತಿ ಮಾಡಿ, ಅಂದರೆ ಮೈ ತಡಕಿ ನೋಡಿ, ಎಣಿಸಿ, ಸಹಿ ಹಾಕಿ ಕೈದಿಗಳನ್ನು ವಶಕ್ಕೆ ತೆಗೆದುಕೊಳ್ಳಬೇಕು. ಯಾರಿಗೆ ಯಾರ ಮೇಲೆ ಹಗೆ ಅಂತ ಕೇಳಿಕೊಂಡು ಗಾಡಿ ಹತ್ತಿಸಬೇಕು. ಕೋರ್ಟಿನ ಲಾಕಪ್ಪಿಗೆ ಇಳಿಸಬೇಕು. ಹೆಸರು ಕೂಗಿದಾಗ ಮೇಲೆ ಕರೆತರಬೇಕು. ಸಂಜೆ ಜೈಲಿನ ಎಣಿಕೆಗೆ ಮೊದಲು ಅಷ್ಟೂ ತಲೆ ವಾಪಸ್ ಒಪ್ಪಿಸಬೇಕು. ಇದರಲ್ಲಿ ಅವರಿಗೆ ಭಯ ಇರುವುದು ಮೂರು ಕಡೆ. ಗಾಡಿ ಹತ್ತಿ ಇಳಿಯುವ ಆ ಹತ್ತು ಹೆಜ್ಜೆ, ಕಾರಿಡಾರು, ಮತ್ತೆ ಶೌಚಾಲಯ. “ಒಳಗ ಸಾಹೇಬರ ಮುಂದ ಏನೂ ಆಗಂಗಿಲ್ಲ ಅಂತಾರ. ಆಗೇದಲ್ಲ. ಆದ್ರ ಜಾಸ್ತಿ ಆಗೂದು ಹೊರಗ.” ನಮ್ಮ ಹಳೆಯ ಕೋರ್ಟುಗಳಲ್ಲಿ ಕೈದಿಗೆ ಬೇರೆ ದಾರಿ ಇಲ್ಲ. ಅದೇ ಮೆಟ್ಟಿಲಲ್ಲಿ ಫಿರ್ಯಾದಿ ಹತ್ತುತ್ತಾನೆ, ಸಾಕ್ಷಿ ಹತ್ತುತ್ತಾನೆ, ವಕೀಲರ ಗುಮಾಸ್ತ ಫೈಲು ಹೊತ್ತು ಹತ್ತುತ್ತಾನೆ, ಕೈದಿಯೂ ಹತ್ತುತ್ತಾನೆ. ಪೆಟ್ಟು ತಿಂದ ಕಾವಲಿನವನೂ ಪೆಟ್ಟು ಕೊಟ್ಟ ಆರೋಪ ಹೊತ್ತವನೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದನ್ನು ನಾನೇ ನೋಡಿದ್ದೇನೆ. ಆ ಕಾವಲಿನವನ ಕೈ ನಡುಗುತ್ತಿತ್ತು. ಅವನನ್ನು ಕಾಯುವವರು ಯಾರೂ ಇರಲಿಲ್ಲ. ಕೋರ್ಟಿನಲ್ಲಿ ಸಾಕ್ಷಿಗೆ ಒಂದು ಬೇರೆ ಕೋಣೆ, ಕೈದಿಗೆ ಒಂದು ಬೇರೆ ಮೆಟ್ಟಿಲು, ಇಷ್ಟು ಇದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ. ಬಂದೂಕು ಹೆಚ್ಚಿಸುವುದಕ್ಕಿಂತ ಇದು ಮೊದಲು ಆಗಬೇಕು.

ಕೆಲವು ಕೇಸಿನಲ್ಲಿ ಸರ್ಕಾರ ಕೈದಿಯನ್ನು ಕೋರ್ಟಿಗೆ ತರಲೇ ಇಲ್ಲ, ಕೋರ್ಟನ್ನೇ ಜೈಲಿಗೆ ತಂದಿತು. 1993ರ ಬಾಂಬ್ ಸ್ಫೋಟದ ಕೇಸು ಆರ್ಥರ್ ರೋಡ್ ಜೈಲಿನೊಳಗಿನ ವಿಶೇಷ ಕೋರ್ಟಿನಲ್ಲಿ ನಡೆಯಿತು. 2009ರಲ್ಲಿ ಕಸಬ್‌ನ ವಿಚಾರಣೆಯೂ ಅಲ್ಲೇ. ಅವನ ಸೆಲ್ಲಿನಿಂದ ಕೋರ್ಟಿಗೆ ಬಾಂಬಿಗೂ ಜಗ್ಗದ ದಾರಿ ಕಟ್ಟಿದರು. ಮುಂದೆ ಹೈಕೋರ್ಟಿನ ವಿಚಾರಣೆಗೆ ಅವನನ್ನು ವಿಡಿಯೊದಲ್ಲಿ ಹಾಜರುಪಡಿಸಿದರು. ಇಡೀ ದೇಶದ ಕಣ್ಣು ಆ ಕೇಸಿನ ಮೇಲಿತ್ತು. ಸರಳು ಕದ್ದ ಆರೋಪದವನಿಗೆ ಯಾರು ದಾರಿ ಕಟ್ಟುತ್ತಾರೆ?

ಹಗ್ಗದ ಇನ್ನೊಂದು ತುದಿ

ಬೇಡಿಯ ಮಾತು ಹೇಳಲೇಬೇಕು. ತಿಹಾರ್ ಜೈಲಿನ ವಿಚಾರಣಾಧೀನ ಕೈದಿಯೊಬ್ಬ, ಕೋರ್ಟಿಗೆ ಹೋಗಿಬರುವಾಗ ಬೇಡಿ ಹಾಕುತ್ತಾರೆ ಅಂತ ಸುಪ್ರೀಂ ಕೋರ್ಟಿಗೆ ಒಂದು ಟೆಲಿಗ್ರಾಂ ಕಳಿಸಿದ. ಅದನ್ನೇ ಅರ್ಜಿ ಅಂತ ತೆಗೆದುಕೊಂಡರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1980ರಲ್ಲಿ ಬರೆದ ಆ ತೀರ್ಪಿನ ಪ್ರಕಾರ ಸುಮ್ಮನೆ ಎಲ್ಲರಿಗೂ ಬೇಡಿ ಹಾಕುವಂತಿಲ್ಲ. ಓಡಿಹೋಗುವ ನಿಜವಾದ ಅಪಾಯ ಇರಬೇಕು, ಕಾರಣ ಬರೆದಿಡಬೇಕು, ನ್ಯಾಯಾಧೀಶರಿಗೆ ತೋರಿಸಬೇಕು. ಆ ಕಾಲದ ನಿಯಮದಲ್ಲಿ ಉತ್ತಮ ದರ್ಜೆಯ ಕೈದಿಗೆ ಬೇಡಿಯಿಂದ ವಿನಾಯಿತಿ ಇತ್ತು, ಬಡವನಿಗೆ ಇರಲಿಲ್ಲ. ಅದನ್ನೂ ಕೋರ್ಟ್ ಒಪ್ಪಲಿಲ್ಲ. ಕಿಸೆಯಲ್ಲಿ ದುಡ್ಡಿದೆ ಅಂದ ಮಾತ್ರಕ್ಕೆ ಒಬ್ಬನ ಕಾಲು ಓಡುವುದಿಲ್ಲವಾ?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಕಾನೂನು, ಇಲ್ಲಿ ಪೊಲೀಸರ ಕೈ ಸ್ವಲ್ಪ ಸಡಿಲ ಮಾಡಿದೆ. ಪದೇಪದೇ ಅಪರಾಧ ಮಾಡಿದವರು, ಹಿಂದೆ ಕಸ್ಟಡಿಯಿಂದ ತಪ್ಪಿಸಿಕೊಂಡವರು, ಕೊಲೆ, ಅತ್ಯಾಚಾರ, ಆ್ಯಸಿಡ್ ದಾಳಿ, ಭಯೋತ್ಪಾದನೆ, ಮಾದಕ ವಸ್ತು ಮುಂತಾದ ಆರೋಪ ಇರುವವರು, ಇಂಥವರಿಗೆ ಬಂಧಿಸುವಾಗ ಮತ್ತು ಕೋರ್ಟಿಗೆ ಹಾಜರುಪಡಿಸುವಾಗ ಬೇಡಿ ಹಾಕಬಹುದು. ಹಾಕಬಹುದು ಅಂತ ಇದೆ, ಹಾಕಲೇಬೇಕು ಅಂತ ಇಲ್ಲ. ಕಾರಿಡಾರಿನಲ್ಲಿ ಆ ವ್ಯತ್ಯಾಸ ಉಳಿಯುವುದು ಕಷ್ಟ. ಇಬ್ಬರು ಪೊಲೀಸರಿಗೆ ಆರು ಜನ ಕೈದಿಗಳನ್ನು ಒಪ್ಪಿಸಿದರೆ ಅವರು ಇನ್ನೇನು ಮಾಡಿಯಾರು? ಮನುಷ್ಯರು ಕಡಿಮೆಯಾದ ಜಾಗದಲ್ಲಿ ಕಬ್ಬಿಣ ಬಂದು ಕೂರುತ್ತದೆ. ಇದು ನಾನು ಮತ್ತೆ ಮತ್ತೆ ನೋಡಿದ್ದು.

ಅವತ್ತು ನಮ್ಮ ಮನುಷ್ಯನ ಒಂದು ಕೈಗೆ ಬೇಡಿ ಇತ್ತು, ಬೇಡಿಗೆ ಹಗ್ಗ. ಹಗ್ಗದ ಇನ್ನೊಂದು ತುದಿಯನ್ನು ಹವಾಲ್ದಾರರು ತಮ್ಮ ಎಡಗೈ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ಚಹಾದ ಲೋಟ ಹಿಡಿದಾಗ ನೋಡಿದೆ, ಆ ಮಣಿಕಟ್ಟಿನ ಚರ್ಮ ಬಳೆಯ ಹಾಗೆ ಒಂದು ಸುತ್ತು ಕಪ್ಪಗಾಗಿತ್ತು. ಎಷ್ಟು ವರ್ಷದ ಗುರುತೋ. ಅವನು ಶೌಚಕ್ಕೆ ಹೋದರೆ ಇವರೂ ಬಾಗಿಲವರೆಗೆ. ಅವನ ಕೇಸು ಸಂಜೆಯವರೆಗೆ ಕೂಗದಿದ್ದರೆ ಇವರಿಗೂ ಊಟ ಇಲ್ಲ. ನಿರ್ಲಕ್ಷ್ಯದಿಂದ ಕೈದಿ ತಪ್ಪಿಸಿಕೊಂಡ ಅಂತಾದರೆ ಮೊದಲು ಸಸ್ಪೆಂಡು, ಆಮೇಲೆ ಕೇಸು. ಆ ಕೇಸಿನಲ್ಲಿ ಎರಡು ವರ್ಷದವರೆಗೆ ಜೈಲೂ ಆಗಬಹುದು. ರೊಟ್ಟಿ ತಿಂದು ಮುಗಿದ ಮೇಲೆ ಆ ಹುಡುಗ ಹಗ್ಗವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಹವಾಲ್ದಾರರು ತಡೆಯಲಿಲ್ಲ. ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟರು. ಹುಡುಗ ಅಪ್ಪನ ತೊಡೆ ಹತ್ತಿ ಕೂತ. ಆ ಇಪ್ಪತ್ತು ನಿಮಿಷ ಅವರು ಮುಖ ಬೇರೆ ಕಡೆ ಮಾಡಿ ಮೆಟ್ಟಿಲನ್ನೇ ನೋಡುತ್ತಾ ನಿಂತರು.

ಬಾರದ ಗಾಡಿ

ಇಷ್ಟೆಲ್ಲ ಆಗುವುದು ಗಾಡಿ ಬಂದ ದಿನ. ಆ ತಾರೀಕಿನ ನಂತರ ಐದು ತಾರೀಕು ಅವನನ್ನು ಕರೆತರಲೇ ಇಲ್ಲ. ಒಮ್ಮೆ ಗಣಪತಿ ಬಂದೋಬಸ್ತು. ಒಮ್ಮೆ ಚುನಾವಣೆ. ಒಮ್ಮೆ ಯಾರೋ ದೊಡ್ಡವರು ಊರಿಗೆ ಬಂದಿದ್ದರು. ಉಳಿದ ಎರಡಕ್ಕೆ ಕಾರಣವನ್ನೂ ಹೇಳಲಿಲ್ಲ. ಕೋರ್ಟಿನಲ್ಲಿ ಕೇಳಿಸುತ್ತಿದ್ದದ್ದು ಒಂದೇ ಮಾತು, “ಪಾರ್ಟಿ ನಹೀ ಹೈ.” ಸಾಕ್ಷಿ ಬಂದು ಕೂತಿರುತ್ತಿದ್ದ, ವಕೀಲರು ಇರುತ್ತಿದ್ದರು, ನಾನು ಇರುತ್ತಿದ್ದೆ. ಹೆಂಡತಿ ಗಂಟು ಹಿಡಿದು ಇರುತ್ತಿದ್ದಳು. ಆರೋಪಿ ಮಾತ್ರ ಇಲ್ಲ. ಮುಂದಿನ ತಾರೀಕು ಬರೆದು ಕೊಡುತ್ತಿದ್ದರು. ಅವಳು ಆ ರೊಟ್ಟಿಗಳನ್ನು ವಾಪಸ್ ಹೊತ್ತುಕೊಂಡು ಹೋಗುತ್ತಿದ್ದಳು.

ಕೈದಿ ಓಡಿಹೋದರೆ ಮರುದಿನ ಪೇಪರಿನಲ್ಲಿ ಬರುತ್ತದೆ, ಟಿವಿಯಲ್ಲಿ ಬರುತ್ತದೆ, ನಾಲ್ಕು ಜನ ಸಸ್ಪೆಂಡ್ ಆಗುತ್ತಾರೆ. ಕೈದಿಯನ್ನು ಕರೆತರದಿದ್ದರೆ ಏನೂ ಆಗುವುದಿಲ್ಲ. ನನ್ನ ಪ್ರಕಾರ ಕಾವಲಿನ ದೊಡ್ಡ ಸೋಲು ಇದೇ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ್ದೇ ಒಂದು ಕೇಸಿನಲ್ಲಿ ಇದನ್ನು ಎತ್ತಿ ಹೇಳಿತು. 102 ತಾರೀಕುಗಳಲ್ಲಿ ಹೆಚ್ಚಿನವಕ್ಕೆ ಆರೋಪಿಯನ್ನು ಕರೆತಂದೂ ಇರಲಿಲ್ಲ, ವಿಡಿಯೊದಲ್ಲಿ ತೋರಿಸಿಯೂ ಇರಲಿಲ್ಲ. ಇದಕ್ಕೆ ಒಂದು ವ್ಯವಸ್ಥೆ ಮಾಡಿ ಅಂತ ಆದೇಶ ಕೊಟ್ಟಿತು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ಕರಲ್ಲಿ ಮೂವರು. ಜೈಲಿನ ಮಾತಿನಲ್ಲಿ ಕಚ್ಚಾ ಕೈದಿಗಳು. ಅವರ ಪಾಲಿಗೆ ಕೋರ್ಟಿನ ಗಾಡಿ ಅಂದರೆ ಹೊರಗೆ ಬರುವ ಒಂದೇ ಬಾಗಿಲು.

ಕಾನೂನು ಹಾಜರುಪಡಿಸಿ ಅನ್ನುವುದು ಹಾಜರಿ ಹಾಕಲಿಕ್ಕಲ್ಲ. ಬಂಧಿಸಿದ 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು ಅಂತ ಸಂವಿಧಾನವೇ ಹೇಳುತ್ತದೆ. ಏಕೆ? ನ್ಯಾಯಾಧೀಶರು ಆ ಮನುಷ್ಯನನ್ನು ಕಣ್ಣಿನಿಂದ ನೋಡಲಿ ಅಂತ. ನಡೆಯುವಾಗ ಕುಂಟುತ್ತಿದ್ದಾನಾ, ಕಣ್ಣಿನ ಕೆಳಗೆ ಬಾವು ಇದೆಯಾ, ಏನಾದರೂ ಹೇಳಬೇಕು ಅಂತ ಬಾಯಿ ತೆರೆಯುತ್ತಿದ್ದಾನಾ. ಮೊದಲ ಸಲದ ನಂತರ ನ್ಯಾಯಾಂಗ ಕಸ್ಟಡಿ ಮುಂದುವರಿಸಲು ವಿಡಿಯೊ ಸಾಕು ಅಂತ ಕಾನೂನು ಒಪ್ಪಿದೆ. ಸಾಕ್ಷ್ಯವನ್ನೂ ವಿಡಿಯೊದಲ್ಲಿ ಪಡೆಯಬಹುದು ಅಂತ 2003ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು, ಅದೂ ಮಹಾರಾಷ್ಟ್ರದ ಕೇಸೇ. ಕೋವಿಡ್ ಬಂದ ಮೇಲಂತೂ ಅದೇ ಜಾಸ್ತಿ ಆಯಿತು. ಗಾಡಿ ಬೇಡ, ಬೇಡಿ ಬೇಡ, ಕಾರಿಡಾರಿನ ಭಯ ಬೇಡ. ಗ್ಯಾಂಗಿನವರ ಕೇಸಿನಲ್ಲಿ, ಜೀವಬೆದರಿಕೆ ಇರುವವರ ಕೇಸಿನಲ್ಲಿ ಇದು ನಿಜಕ್ಕೂ ಒಳ್ಳೆಯದು. ಹವಾಲ್ದಾರರೂ ಅದನ್ನೇ ಹೇಳುತ್ತಿದ್ದರು.

ಆರನೇ ತಾರೀಕಿಗೆ ನಮ್ಮ ಮನುಷ್ಯ ವಿಡಿಯೊದಲ್ಲಿ ಬಂದ. ನ್ಯಾಯಾಧೀಶರ ಪಕ್ಕದ ಪರದೆಯಲ್ಲಿ ಎದೆಯಿಂದ ಮೇಲೆ ಅಷ್ಟೇ ಕಾಣುತ್ತಿದ್ದ. ಹಿಂದೆ ಸಾಲಿನಲ್ಲಿ ಇನ್ನೂ ನಾಲ್ಕೈದು ಜನ ತಮ್ಮ ಸರದಿಗೆ ನಿಂತಿದ್ದರು. ನಾನು ಅವನ ಕಿವಿಯ ಹತ್ತಿರ ನಿಲ್ಲುವ ಹಾಗಿರಲಿಲ್ಲ. ಮೈಕಿನ ಮುಂದೆ ನಿಂತು, ಇಡೀ ಕೋರ್ಟಿಗೆ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದೆ. ದನಿ ತಡವಾಗಿ ಹೋಗುತ್ತಿತ್ತು. ನಾನು ಎರಡನೇ ವಾಕ್ಯ ಶುರು ಮಾಡಿದಾಗ ಅವನು ಮೊದಲನೆಯದಕ್ಕೆ ತಲೆ ಆಡಿಸುತ್ತಿದ್ದ. ಏನಾದರೂ ಹೇಳುವುದಿದೆಯಾ ಅಂತ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಅವನು ಪರದೆಯ ಹತ್ತಿರ ಬಗ್ಗಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹುಡುಕಿದ. ಕ್ಯಾಮೆರಾ ನ್ಯಾಯಾಧೀಶರ ಪೀಠವನ್ನು ಮಾತ್ರ ತೋರಿಸುತ್ತಿತ್ತು.

“ನನ್ನ ಹೇಣ್ತಿ ಬಂದಾಳೇನ್ರಿ, ಸರ?”

ಅವಳು ಕೊನೆಯ ಸಾಲಿನಲ್ಲಿ ಎದ್ದು ನಿಂತಿದ್ದಳು. ಮಗನನ್ನು ಎತ್ತಿ ಹಿಡಿದಿದ್ದಳು, ಪರದೆಗೆ ಕಾಣಲಿ ಅಂತ. ಏನೆಂದ ಅಂತ ನ್ಯಾಯಾಧೀಶರು ನನ್ನನ್ನು ಕೇಳಿದರು. ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಬಂದಿದ್ದಾಳೆ ಅಂತ ಹೇಳಿ ಎಂದರು. ನಾನು ಹೇಳಿದೆ. ದನಿ ಮುಟ್ಟಿತೋ ಇಲ್ಲವೋ, ಅಷ್ಟರಲ್ಲಿ ಅವನನ್ನು ಪಕ್ಕಕ್ಕೆ ಸರಿಸಿ ಮುಂದಿನವನನ್ನು ಕೂರಿಸಿದರು. ಎಲ್ಲ ಸೇರಿ ಮೂರು ನಿಮಿಷ ಆಗಿರಬಹುದು. ಯಾರೂ ಓಡಿಹೋಗಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಆ ಹುಡುಗ ಮಾತ್ರ ಹೊರಗೆ ಬಂದ ಮೇಲೆ ಬೆಂಚಿನ ಹತ್ತಿರ ಹೋಗಿ ಅಪ್ಪನನ್ನು ಹುಡುಕಿದ.

ಆ ಹವಾಲ್ದಾರರನ್ನು ಈ ಮಧ್ಯೆ ಒಮ್ಮೆ ಲಾಕಪ್ಪಿನ ಬಳಿ ನೋಡಿದೆ. ಬೇರೆ ಕೈದಿಗಳ ಜೊತೆ ಬಂದಿದ್ದರು. “ಆ ರೊಟ್ಟಿ ಹೆಣ್ಣಮಗಳು ಬರ್ತಾಳೇನ್ರಿ ಇನ್ನಾ?” ಎಂದು ಕೇಳಿದರು. ಬರುತ್ತಾಳೆ ಅಂದೆ. ಅದಕ್ಕೆ ಅವರು, ಕೋರ್ಟಿನಲ್ಲೇ ಒಂದು ಕೋಣೆ ಇರಬೇಕಿತ್ತು, ನಡುವೆ ಒಂದು ಮೇಜು, ಒಬ್ಬ ಮಹಿಳಾ ಪೊಲೀಸು, ಕುಡಿಯುವ ನೀರು, ಅಲ್ಲಿ ತಿನ್ನಲು ಕೊಟ್ಟರೆ ನಾನು ಯಾಕೆ ಎಲ್ಲರ ಮುಂದೆ ಅವಳಿಗೆ ಹಾಗೆ ಹೇಳುತ್ತಿದ್ದೆ ಎಂದರು. ಅವರಿಗೂ ಅದು ಮನಸ್ಸಿನಲ್ಲೇ ಉಳಿದಿತ್ತು ಅಂತ ನನಗೆ ಆಗ ಗೊತ್ತಾಯಿತು.

ನಾಳೆ ಮತ್ತೆ ತಾರೀಕು. ಮುಖ್ಯ ಸಾಕ್ಷಿಯ ವಿಚಾರಣೆ ಇದೆ, ಹಾಗಾಗಿ ಆರೋಪಿಯನ್ನು ಖುದ್ದಾಗಿ ಕರೆತನ್ನಿ ಅಂತ ಆದೇಶ ಆಗಿದೆ. ಸಂಜೆ ಅವಳ ಫೋನ್ ಬಂತು.

“ಅಣ್ಣಾರ, ನಾಳಿ ಗಾಡ್ಯಾಗ ಕರ್ಕೊಂಡು ಬರ್ತಾರೋ, ಟಿವ್ಯಾಗೋ?”

ಗಾಡಿಯಲ್ಲೇ ಅಂತ ಆದೇಶ ಇದೆಯಮ್ಮ, ಆದರೆ ಪಾರ್ಟಿ ಸಿಗುತ್ತದಾ ಅಂತ ಬೆಳಿಗ್ಗೆ ಹನ್ನೊಂದರ ತನಕ ಯಾರಿಗೂ ಗೊತ್ತಾಗುವುದಿಲ್ಲ ಅಂದೆ. ವಕೀಲರಿಗೂ ಫೋನ್ ಮಾಡಿದ್ದೆ. ಅವರೂ ಅದನ್ನೇ ಹೇಳಿದ್ದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಎಲ್ಲೋ ಲೋಕಲ್ ಹೋಗುವ ಸದ್ದು.

“ಹಂಗಾರ ರೊಟ್ಟಿ ಬಡೀಲೋ ಬ್ಯಾಡೋ, ಅಷ್ಟ ಹೇಳ್ರಿ.”

ಬಡಿ ಅಂದೆ.